ಹುಚ್ಚೀರಪ್ಪನ ತಲೆಯ ಮೇಲಿನ ಪಾದ

ಹೋಗದಿದ್ದರೆ ಯಾರು ಕೇಳುತ್ತಾರೆ? ಯಾರೂ ಕೇಳುವುದಿಲ್ಲ. ಸರ್ಕಾರ ಬೇಡ ಎಂದಿದೆ, ಊರೂ ಬೇಡ ಎಂದಿದೆ, ಸತ್ತವನಂತೂ ಎದ್ದು ಬಂದು ಕೇಳುವವನಲ್ಲ. ಹೋದದ್ದು ಗೊತ್ತಾದರೆ ಮಾತ್ರ ನೌಕರಿ ಹೋಗುತ್ತದೆ. ಇಷ್ಟು ಸರಳವಾಗಿದ್ದರೂ ಮಹಾದೇವಯ್ಯ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಎರಡೂ ಪಾದಗಳನ್ನು ನೆಲಕ್ಕೆ ಊರಿ, ಅವು ಬೇರೆ ಯಾರವೋ ಎಂಬಂತೆ ನೋಡುತ್ತಿದ್ದ. ಆಗಲೇ ಕೋಳಿ ಕೂಗಿತ್ತು.

ಸೂಲಗಟ್ಟಿಯಲ್ಲಿ ಇರುವುದು ಒಂದೇ ಜಂಗಮ ಅಯ್ಯನವರ ಮನೆ. ಊರಲ್ಲಿ ಲಿಂಗ ಕಟ್ಟಿದವರು ಯಾರೇ ಸತ್ತರೂ, ಹೆಣವನ್ನು ಕುಣಿಯೊಳಗೆ ಕೂಡ್ರಿಸಿದ ಮೇಲೆ, ಆ ಮನೆಯ ಗಂಡಸು ಬಂದು ಅದರ ತಲೆಯ ಮೇಲೆ ಬಲಗಾಲು ಇಡಬೇಕು. ಪಾದ ಬೀಳದೆ ಮಣ್ಣು ಕೊಟ್ಟರೆ ಸತ್ತವರು ಅಲ್ಲೇ ಕೂತು ಕಾಯುತ್ತಾರೆ, ಎಲ್ಲಿಗೂ ಹೋಗುವುದಿಲ್ಲ ಎಂದು ಜನ ನಂಬಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಮಹಾದೇವಯ್ಯನಿಗೆ ಬಂದಿತ್ತು. ಹೊಟ್ಟೆಪಾಡಿಗೆ ಅವನು ತಲಾಟಿ. ಸರ್ಕಾರ ಆ ಹುದ್ದೆಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಉದ್ದ ಹೆಸರು ಇಟ್ಟಿದ್ದರೂ ಊರವರ ಬಾಯಲ್ಲಿ ತಲಾಟಿಯೇ. ಯಾರ ಯಾರದೋ ಕೈಕಾಲು ಹಿಡಿದು ತನ್ನೂರಿಗೇ ವರ್ಗ ಮಾಡಿಸಿಕೊಂಡಿದ್ದ. ಹೆಂಡತಿ ಸುನಿತಾ ಚೊಚ್ಚಲ ಹೆರಿಗೆಗೆಂದು ಶಿರಹಟ್ಟಿಯ ತವರಿಗೆ ಹೋಗಿದ್ದಳು.

ಹಿಂದಿನ ದಿನ ಸಂಜೆ ಹಿತ್ತಿಲ ಬಾಗಿಲಿಗೆ ಬಂದವಳು ನೀಲಗಂಗವ್ವ. ಅವಳ ತಮ್ಮ ಹುಚ್ಚೀರಪ್ಪ, ಹೊಲದ ಬದುವಿನ ಮೇಲಿನ ಬೇವಿನ ಗಿಡ ಕಡಿದ ಜಗಳದಲ್ಲಿ ಪಕ್ಕದ ಹೊಲದ ಯಲ್ಲೇಶನ ತಲೆಗೆ ಕೊಡಲಿ ಹಾಕಿ ಜೈಲಿಗೆ ಹೋದವನು. ತೀರ್ಪು ಬರುವ ಮೊದಲೇ ಕಾಮಾಲೆಯಾಗಿ ಸತ್ತುಹೋದ. ಸುದ್ದಿ ಬಂದ ದಿನವೇ ಯಲ್ಲೇಶನ ಕಡೆಯವರು ಊರ ಅಗಸಿ ಬಾಗಿಲಲ್ಲಿ ನಿಂತು, ಹೆಣ ಊರೊಳಗೆ ಬಂದರೆ ಟೈರು ಹಾಕಿ ಸುಡುತ್ತೇವೆ ಎಂದರು. ನೀಲಗಂಗವ್ವನ ಮನೆಗೆ ಕಲ್ಲು ಬಿದ್ದವು. ತಹಸೀಲ್ದಾರರು ನಿಷೇಧಾಜ್ಞೆ ಹೊರಡಿಸಿದರು: ಶವ ಸೂಲಗಟ್ಟಿಯ ಸರಹದ್ದಿನೊಳಗೆ ಬರಕೂಡದು, ಬೆಟಗೇರಿಯ ಸ್ಮಶಾನದಲ್ಲೇ ಮಣ್ಣು ಮಾಡಬೇಕು. ಆ ಕಾಗದಕ್ಕೆ ಗೋಂದು ಹಚ್ಚಿ ಚಾವಡಿಯ ಗೋಡೆಗೆ ಅಂಟಿಸಿದವನು ಮಹಾದೇವಯ್ಯನೇ.

"ಅಯ್ಯಾರ, ನಾಳೆ ಬೆಳಕು ಹರಿಯೂದ್ರಾಗ ಹೊಲಕ್ಕ ಬರ್ರಿ," ಎಂದಳು ನೀಲಗಂಗವ್ವ. "ಕುಣಿ ತಗದೀನಿ."

"ಹುಚ್ಚು ಹಿಡದೈತೇನು ನಿನಗ? ಆದೇಶ ಐತಿ. ಚಾವಡಿ ಗ್ವಾಡಿಗೆ ನಾನ ಹಚ್ಚೀನಿ."

"ಕಂಡೇನ್ರಿ. ಓದಾಕ ಬರಂಗಿಲ್ಲ ನನಗ. ಗೋಂದು ಭಾಳ ಛಲೋ ಹತ್ತಿತ್ತು."

ಅವಳು ದನಿ ಇಳಿಸಿದಳು.

"ಬೆಟಗೇರ್ಯಾಗ ಅಡ್ಡ ಮಲಗಿಸಿ ಮಣ್ಣು ಎಳೀತಾರಂತ. ನಮ್ಮ ಮಂದಿ ಕುಂತು ಹೋಗೋರು ಅಯ್ಯಾರ, ಮಲಗಿ ಹೋಗೋರಲ್ಲ. ಅವ ಕೊಲಿ ಮಾಡ್ಯಾನ, ಖರೆ, ನಾ ಇಲ್ಲ ಅನ್ನಂಗಿಲ್ಲ. ಕೊಲಿ ಮಾಡಿದಾಂವಗ ಜೈಲು ಐತಿ, ಅದನ್ನ ಉಂಡ. ಸತ್ತಾಂವಗ ಏನ್ರಿ ಕಾಯ್ದೆ?"

"ಯಲ್ಲೇಶನ ತಲಿ ಮ್ಯಾಲೂ ನಾನ ಕಾಲಿಟ್ಟೀನಿ, ನೀಲಗಂಗವ್ವ. ಹೊಲಿದು ಕೊಟ್ಟಿದ್ರು ಆ ತಲಿ. ದಾರ ತಾಕ್ತು ನನ್ನ ಅಂಗಾಲಿಗೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಅದ ಕಾಲು ಬೇಕ್ರಿ ನನಗ," ಎಂದಳು.

ಅವನು ಬರುತ್ತೇನೆ ಎನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. "ಎಲ್ಲೂ ನನ್ನ ಹೆಸರು ಬರಬಾರ್ದು" ಎಂದ. ನೀಲಗಂಗವ್ವ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿದಳು. "ಈ ಲಿಂಗದಾಣಿ. ನಾಲಗಿ ಕೊಯ್ದರೂ ಬರಂಗಿಲ್ಲ."

ಈಗ, ನೆಲಕ್ಕೂರಿದ ಆ ಪಾದಗಳು ತಾವಾಗಿಯೇ ಎದ್ದವು ಎಂದು ಮುಂದೆ ಅವನಿಗೆ ಎಷ್ಟೋ ಸಲ ಅನ್ನಿಸಿತು. ತಾನು ನಿರ್ಧಾರ ಮಾಡಿದ್ದು ಅವನಿಗೆ ನೆನಪಿಲ್ಲ.

ಹೊಲದಲ್ಲಿ ನೀಲಗಂಗವ್ವ ಒಬ್ಬಳೇ ಇದ್ದಳು. ಆಸ್ಪತ್ರೆಯವರು ಕೊಟ್ಟ ಹೆಣವನ್ನು ಬೆಟಗೇರಿಯ ದಾದಾಪೀರನ ಬಾಡಿಗೆ ಗಾಡಿಯಲ್ಲಿ ಹಾಕಿಸಿಕೊಂಡು, ಸ್ಮಶಾನದ ದಾರಿ ಬಿಡಿಸಿ, ಅಡರಕಟ್ಟಿಯ ಕಡೆಯಿಂದ ಒಳದಾರಿ ಹಿಡಿದು ರಾತ್ರೋರಾತ್ರಿ ತಂದಿದ್ದಳು. ಹೊಲದ ಅಂಚಿನಲ್ಲಿ ಇಳಿಸಿ ದಾದಾಪೀರ ಹೊರಟುಹೋಗಿದ್ದ. ಅಲ್ಲಿಂದ ನಟ್ಟನಡು ಹೊಲದವರೆಗೆ ಅವಳು ತಮ್ಮನನ್ನು ಕೌದಿಯ ಮೇಲೆ ಎಳೆದು ತಂದಿದ್ದಳು. ಅಪ್ಪನ ಸಮಾಧಿಯ ಮಗ್ಗುಲಲ್ಲಿ ಕುಣಿ ತೋಡಿದರೆ ಮೊದಲು ಅಲ್ಲೇ ಹುಡುಕುತ್ತಾರೆಂದು ಅವಳೇ ಯೋಚಿಸಿದ್ದಳು.

ಇಬ್ಬರೂ ಸೇರಿ ಇಳಿಸಿದರು. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕಾಲು ಮಡಿಚಿ ಕೂಡ್ರಿಸಿ, ಬೆನ್ನಿಗೆ ಮಣ್ಣು ಒತ್ತರಿಸಿ, ಅಂಗೈಯಲ್ಲಿ ಲಿಂಗ ಇಟ್ಟರು. ನೆತ್ತಿಯ ಮೇಲೆ ಅವಳು ಬೊಗಸೆ ವಿಭೂತಿ ಸುರಿದಳು. ಮಹಾದೇವಯ್ಯ ಬಲಗಾಲನ್ನು ಎತ್ತಿ ಇಟ್ಟ. ವಿಭೂತಿ ತಣ್ಣಗಿತ್ತು, ಅದರ ಕೆಳಗಿನ ಕೂದಲು ಇನ್ನೂ ತಣ್ಣಗಿತ್ತು. ಮಂತ್ರವನ್ನು ತುಟಿಯಲ್ಲೇ ಹೇಳಿ ಮುಗಿಸಿದ. ಗೂಡಿನ ಬಾಯಿಗೆ ಹಾಸುಗಲ್ಲು ನಿಲ್ಲಿಸಿ ಮಣ್ಣು ಎಳೆದರು. ಅವನು ಊರ ಕಡೆ ತಿರುಗಿ ನೋಡಿದಾಗ ಅವಳು ಎತ್ತು ಹೂಡಿ, ಹೊಲಕ್ಕೆಲ್ಲ ಒಂದೇ ಸಮ ಕುಂಟೆ ಹೊಡೆಯಲು ಶುರು ಮಾಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೆಸರುಕಾಳು ಬಿತ್ತಿಯೂ ಆಗಿತ್ತು.

ಮೂರನೆಯ ದಿನ ಪೊಲೀಸರು ದಾದಾಪೀರನನ್ನು ಹಿಡಿದರು. ಅವನು ಎರಡು ಏಟಿಗೆ ಹೇಳಿಬಿಟ್ಟ. "ಹೊಲದ ದಂಡಿಗೆ ಇಳಿಸಿ ಬಂದೀನ್ರಿ ಸಾಹೇಬ್ರ, ಮುಂದಿಂದು ನನಗ ಖಬರ ಇಲ್ರಿ."

ಹೆಣವನ್ನು ಹೊರತೆಗೆಸಲು ತಹಸೀಲ್ದಾರರೇ ಬಂದರು. ಜೊತೆಗೆ ಜೀಪು ತುಂಬ ಪೊಲೀಸರು, ಬಾಡಿಗೆಯ ಜೆಸಿಬಿ, ಹೊಲದ ಗಡಿ ತೋರಿಸಲು ಮತ್ತು ಪಂಚನಾಮೆ ಬರೆಯಲು ತಲಾಟಿ. ತಹಸೀಲ್ದಾರರು ಮಂಡ್ಯದ ಕಡೆಯವರು, ಕೂಗಾಡುವ ಮನುಷ್ಯರಲ್ಲ. ನೀಲಗಂಗವ್ವನಿಗೆ ಕೂತುಕೊಳ್ಳಲು ಹೇಳಿ, ನೀರು ಕೊಡಿಸಿದರು.

"ನೋಡಮ್ಮ, ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ಇಲ್ಲಿ ಇವನನ್ನ ಬಿಟ್ಟರೆ ನಾಳೆ ಇನ್ನೊಂದು ಹೆಣ ಬೀಳುತ್ತೆ. ಆಮೇಲೆ ಆ ಸತ್ತವನ ತಾಯಿಗೆ ನಾನು ಏನು ಹೇಳಲಿ? ಜಾಗ ತೋರಿಸಿಬಿಡು, ಕೇಸು ಹಗುರ ಮಾಡಿಸ್ತೀನಿ."

"ಹೊಲ ಇಲ್ಲೇ ಐತಲ್ರಿ," ಎಂದಳು ನೀಲಗಂಗವ್ವ. "ಹುಡುಕ್ರಿ."

ಬದುವಿನ ಮೇಲೆ ಊರೇ ನೆರೆದಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಎಲ್ಲರ ಮುಂದೆ ಯಲ್ಲೇಶನ ಅಪ್ಪ ಸಂಗಪ್ಪ, ಕೋಲಿನ ಮೇಲೆ ಗದ್ದ ಇಟ್ಟು ನಿಂತಿದ್ದ. ಅವರನ್ನು ನೋಡುತ್ತ ಮಹಾದೇವಯ್ಯನಿಗೆ ಗದಗಿನಲ್ಲಿ ಎಂ.ಎ. ಓದಿದ ದಿನಗಳು ನೆನಪಾದವು. ಗ್ರೀಕರ ದುರಂತ ನಾಟಕ ಕಲಿಸುತ್ತಿದ್ದ ಮೇಷ್ಟ್ರು, ಅರಸನ ಆಜ್ಞೆಯೂ ಸರಿ, ಅದನ್ನು ಮುರಿಯುವ ಮನಸ್ಸೂ ಸರಿ, ಎರಡು ಸರಿಗಳು ಎದುರಾದಾಗ ದುರಂತ ಹುಟ್ಟುತ್ತದೆ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ವಿಸ್ತಾರವಾಗಿ ಬರೆದು ಅವನು ತರಗತಿಗೇ ಮೊದಲಿಗನಾಗಿದ್ದ. ಆ ನಾಟಕಗಳಲ್ಲಿ ಊರ ಹಿರಿಯರ ಮೇಳವೊಂದು ಅಂಚಿಗೆ ನಿಂತು ಎಲ್ಲವನ್ನೂ ನೋಡುತ್ತದೆ, ಮರುಗುತ್ತದೆ. ಮುಂದೆ ಬಂದು ತಡೆಯುವುದಿಲ್ಲ. ಯಾಕೆ ತಡೆಯುವುದಿಲ್ಲ ಸರ್ ಎಂದು ಒಮ್ಮೆ ಎದ್ದು ಕೇಳಿದ್ದ. ಮೇಷ್ಟ್ರು ನಕ್ಕಿದ್ದರು. "ಮುಂದ ಬಂದ್ರ ಅವರಿಗೂ ಒಂದು ಹೆಸರು ಬರತೈತಿ ನೋಡಪಾ. ಆ ನಾಟಕದಾಗ ಹೆಸರು ಬಂದಾಂವ ಉಳಿಯಂಗಿಲ್ಲ."

ಜೆಸಿಬಿ ಮೊದಲು ನೀಲಗಂಗವ್ವನ ಅಪ್ಪನ ಸಮಾಧಿಯ ಸುತ್ತ ಬಗೆಯಿತು. ಏನೂ ಸಿಗಲಿಲ್ಲ. ಬಾವಿಯ ಹತ್ತಿರ, ಬೇವಿನ ಬೊಡ್ಡೆಯ ಹತ್ತಿರ ಬಗೆಯಿತು. ಆಗ ತಾನೇ ಮೊಳಕೆಯೊಡೆದಿದ್ದ ಹೆಸರು ಮಗುಚಿ ಬಿತ್ತು. ಬಿಸಿಲು ಇಳಿಯುತ್ತ ಬಂತು, ಮುಂಡರಗಿಯ ಕಡೆಯಿಂದ ಮೋಡ ಏರಿತು. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಜೆಸಿಬಿ ಹೂತುಹೋಗುತ್ತದೆ ಎಂದು ಡ್ರೈವರ್ ಗೊಣಗಿದ. ಮಹಾದೇವಯ್ಯ ಇಡೀ ದಿನ ಜೆಸಿಬಿಯ ಹಿಂದೆ ಓಡಾಡಿದರೂ ಹೊಲದ ನಡುವಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದ. ಇನ್ನೇನು ಮುಗಿಯಿತು ಎನ್ನಿಸಿ ಅವನ ಎದೆ ಸ್ವಲ್ಪ ಹಗುರಾಗಿತ್ತು.

ತಹಸೀಲ್ದಾರರು ಫೋನಿಗೆ ಸಿಗ್ನಲ್ ಹುಡುಕುತ್ತ ಹುಡುಕುತ್ತ ಹೊಲದ ನಡುವಿಗೆ ಹೋಗಿ ನಿಂತರು. ಮೇಲಿನವರಿಗೆ, ಇವತ್ತು ಆಗಲಿಲ್ಲ ಸರ್, ವಾಪಸ್ ಹೊರಡ್ತಿದೀವಿ ಎಂದು ಹೇಳಿ ಫೋನು ಇಟ್ಟರು. ಆಮೇಲೆ ತಿರುಗಿ ಕೂಗಿದರು.

"ಮಹಾದೇವಯ್ಯ, ಬನ್ರೀ ಇಲ್ಲಿ. ಪಂಚನಾಮೆ ಬರ್ಕೊಳ್ಳಿ."

ಅವರ ಬೂಟುಗಾಲು ನಿಂತಿದ್ದದ್ದು ಹುಚ್ಚೀರಪ್ಪನ ನೆತ್ತಿಯ ನೇರಕ್ಕೆ. ಮಹಾದೇವಯ್ಯ ನಡೆದ. ಸಾಹೇಬರು ಏನು ಬರೆಸುತ್ತಾರೆ, ತಾನು ಏನು ಬರೆಯಬೇಕು ಎಂದು ಯೋಚಿಸುತ್ತಲೇ ನಡೆದ. ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಅವನ ಕಾಲುಗಳು ನಿಂತವು. ಬಲಗಾಲು ಚಪ್ಪಲಿಯಿಂದ ಹೊರಗೆ ಬಂತು, ಎಡಗಾಲು ಬಂತು. ಬರಿಗಾಲಲ್ಲಿ ಸಾಹೇಬರ ಎದುರು ಹೋಗಿ ನಿಂತ ಮೇಲೇ ಅವನಿಗೆ ತಾನು ಮಾಡಿದ್ದು ತಿಳಿದದ್ದು. ಸಮಾಧಿಯ ಮೇಲೆ ಚಪ್ಪಲಿ ಮೆಟ್ಟಿ ಅವನು ಹುಟ್ಟಿದಾಗಿನಿಂದ ನಡೆದವನಲ್ಲ.

ಸಾಹೇಬರಿಗೆ ಏನೂ ಅನ್ನಿಸಲಿಲ್ಲ. ಬದುವಿನ ಮೇಲಿದ್ದ ಸಂಗಪ್ಪ ಮಾತ್ರ ಕೋಲಿನ ಮೇಲಿಂದ ಗದ್ದ ಎತ್ತಿದ.

"ಸಾಹೇಬ್ರ! ಅಯ್ಯಾರು ಚಪ್ಪಲಿ ಬಿಟ್ರು ನೋಡ್ರಿ!"

"ಬಿಟ್ರೆ ಏನಾಯ್ತು?"

"ಬೆಳಗಿನಿಂದ ಅಡ್ಡಾಡ್ಯಾರ ಹೊಲದ ತುಂಬ ಮೆಟ್ಟಿಕೊಂಡು. ಅಲ್ಲೇ ಯಾಕ ಬಿಟ್ರು ಕೇಳ್ರಿ. ಅವರ ಮನಿತನದವರು ಸತ್ತೋರ ಮ್ಯಾಲ ಚಪ್ಪಲಿ ಕಾಲು ಇಡಂಗಿಲ್ರಿ!"

ತಹಸೀಲ್ದಾರರು ತಮ್ಮ ಬೂಟಿನ ಕೆಳಗೆ ನೋಡಿಕೊಂಡರು. ಆಮೇಲೆ ಮಹಾದೇವಯ್ಯನ ಮುಖ ನೋಡಿದರು. "ಏನ್ರೀ?"

ಮಹಾದೇವಯ್ಯ ತನ್ನ ಪಾದಗಳನ್ನು ನೋಡಿಕೊಂಡ. "ಮಣ್ಣು... ಮೆತ್ತಗ ಹತ್ತಿತ್ರಿ ಸರ್ ಕಾಲಿಗೆ," ಎಂದ. "ಇಲ್ಲೇ ಇರಬೇಕು ಅಂತ... ಅನುಮಾನ ಬಂತ್ರಿ."

"ಹುಷಾರಿದೀರಿ," ಎಂದು ಸಾಹೇಬರು ಅವನ ಬೆನ್ನು ತಟ್ಟಿ, ಜೆಸಿಬಿಗೆ ಕೈ ಮಾಡಿದರು.

ನೀಲಗಂಗವ್ವ ಕೂತಲ್ಲಿಂದಲೇ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಾರುಕಟ್ಟೆಯಲ್ಲಿ ಎತ್ತಿನ ಹಲ್ಲು ನೋಡಿ, ಬೇಡವೆಂದು ಕೈಬಿಟ್ಟವರ ನೋಟ ಅದು.

ಹಾಸುಗಲ್ಲು ಸಿಕ್ಕಿತು. ಅದನ್ನು ಸರಿಸಿದಾಗ ಹುಚ್ಚೀರಪ್ಪ ಕೂತೇ ಇದ್ದ, ತಲೆ ಮುಂದಕ್ಕೆ ಬಾಗಿಸಿ, ಯಾರೋ ಬೈಯುವುದನ್ನು ಕೇಳುವ ಹುಡುಗನಂತೆ. ಕಲ್ಲಿನ ಮರೆಯಿದ್ದುದರಿಂದ ಗೂಡಿನೊಳಗೆ ಮಣ್ಣು ಬಿದ್ದಿರಲಿಲ್ಲ. ನೆತ್ತಿಯ ವಿಭೂತಿ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಬೆರಳುಗಳ ಸಮೇತ ಒಂದು ಪಾದದ ಗುರುತು ಮೂಡಿತ್ತು.

ಸಂಗಪ್ಪ ಕುಣಿಯ ಅಂಚಿಗೆ ಬಂದು ಬಗ್ಗಿದ. ಬಗ್ಗಿದವನು ಹಾವು ಕಂಡವನಂತೆ ಹಿಂದಕ್ಕೆ ಸರಿದ.

"ಪಾದ ಬಿದ್ದೈತಿ! ನನ್ನ ಮಗನ್ನ ಕೊಂದಾಂವಗ ಪಾದ ಬಿದ್ದೈತಿ! ಯಾವ ಅಯ್ಯ ಇಟ್ಟಾನ ಹೇಳ್ರಿ, ಇವತ್ತ ಅವನ ಕಾಲು ಕಡೀತೀನಿ!"

ಜನರೆಲ್ಲ ಮಹಾದೇವಯ್ಯನ ಕಡೆ ತಿರುಗಿದರು. ಅವನು ಬರಿಗಾಲಲ್ಲೇ ನಿಂತಿದ್ದ. ಬೆರಳುಗಳು ಮಣ್ಣೊಳಗೆ ತಾವಾಗಿಯೇ ಮುದುಡಿಕೊಂಡವು.

"ನಂದ ಅದು," ಎಂದಳು ನೀಲಗಂಗವ್ವ.

ಸಂಗಪ್ಪ ಅವಳ ಕಡೆ ತಿರುಗಿದ.

"ಏನಂದಿ?"

"ಕಾಲು ನಂದು. ಯಾವ ಅಯ್ಯನೂ ಬರಂಗಿಲ್ಲಂತ ಗೊತ್ತಿತ್ತು. ನಾನ ಇಟ್ಟೆ."

ಹೆಂಗಸರ ಗುಂಪಿನಿಂದ "ಶಿವನ!" ಎಂಬ ಉದ್ಗಾರ ಬಂತು. ಇಷ್ಟು ಹೊತ್ತು ಅವಳಿಗಾಗಿ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಅಮೃತವ್ವ, ಅವಳ ಸೋದರತ್ತೆಯ ಮಗಳು, ನೆಲಕ್ಕೆ ಉಗುಳಿದಳು. "ಹೆಂಗಸು ಆಗಿ ಹೆಣದ ತಲಿ ಮ್ಯಾಲ ಕಾಲು ಇಟ್ಟಿ? ನೀ ಏನು ಜಂಗಮಳೇನ ರಂಡಿ? ಅವನ ಗತಿ ಕೆಡಿಸಿದೆಲ್ಲ!"

"ಸುಳ್ಳು ಹೇಳ್ತಾಳ್ರಿ," ಎಂದ ಸಂಗಪ್ಪ. "ಒಬ್ಬಾಕಿ ಹ್ಯಾಂಗ ಕುಂಡ್ರಸಿದ್ಲು ಹೆಣಾನ?"

"ಸಣ್ಣಾಂವ ಇದ್ದಾಗಿಂದ ಎತ್ತಿಕೊಂಡು ತಿರುಗೀನಿ ಸಂಗಪ್ಪಣ್ಣ. ಅವ ನನಗ ಎಂದೂ ಭಾರ ಆಗಿಲ್ಲ."

ಪೊಲೀಸನೊಬ್ಬ ಕಾಲು ತೋರಿಸು ಎಂದ. ಅವಳು ಸೀರೆಯನ್ನು ಸ್ವಲ್ಪ ಎತ್ತಿ ಬಲಗಾಲನ್ನು ಮುಂದೆ ಚಾಚಿದಳು. ಎರೆಮಣ್ಣಲ್ಲಿ ಒಡೆದು ಅಗಲವಾದ ಪಾದ. "ಅಬಾಬಾ, ನನ್ನ ಬೂಟು ಬರಂಗಿಲ್ಲ ಬಿಡಪಾ ಈಕಿಗೆ," ಎಂದು ಆ ಪೊಲೀಸ ಜೊತೆಗಾರನ ಕಡೆ ನೋಡಿ ನಕ್ಕ. ಬದುವಿನ ಮೇಲೂ ಕೆಲವರು ನಕ್ಕರು. ಗುರುತಿನ ಪಕ್ಕ ಇಡಿಸಿ ಅಳೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಮಹಾದೇವಯ್ಯ ಪಂಚನಾಮೆಯಲ್ಲಿ ಹಾಗೆಯೇ ಬರೆದುಕೊಂಡ: ಆರೋಪಿಯು ತಾನೇ ಪಾದ ಇಟ್ಟುದಾಗಿ ಒಪ್ಪಿಕೊಂಡಿರುತ್ತಾಳೆ. ಅಕ್ಷರ ದುಂಡಗೆ ಬಂದವು.

ಹೆಣವನ್ನು ಮೇಲೆತ್ತುವಾಗ ಅಂಗೈಯ ಲಿಂಗ ಜಾರಿ ಬಿತ್ತು. ಎಲ್ಲಿ ಬಿತ್ತೆಂದು ಮಹಾದೇವಯ್ಯ ಕಂಡಿದ್ದ. ಬಗ್ಗಿ ಎತ್ತಿಕೊಳ್ಳುವ ಮೊದಲೇ ಜೆಸಿಬಿಯ ಗಾಲಿ ಅದರ ಮೇಲೆ ಹಾದುಹೋಯಿತು. ಸ್ಟ್ರೆಚರಿನ ಮೇಲೆ ಹುಚ್ಚೀರಪ್ಪ ಮಲಗಲೊಲ್ಲ. ಮಂಡಿ ಒತ್ತಿದರೆ ತಲೆ ಏಳುತ್ತಿತ್ತು, ತಲೆ ಒತ್ತಿದರೆ ಮಂಡಿ ಏಳುತ್ತಿತ್ತು. ಇಬ್ಬರು ಪೊಲೀಸರು ಮಂಡಿಗಳ ಮೇಲೆ ಭಾರ ಬಿಟ್ಟರು. ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ನೀಲಗಂಗವ್ವ ಅಲ್ಲಿಯವರೆಗೆ ಅತ್ತಿರಲಿಲ್ಲ. ಆ ಸದ್ದಿಗೆ ಅವಳು ತನ್ನ ಮೊಣಕಾಲುಗಳನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬೆಟಗೇರಿಯಲ್ಲಿ ಮಳೆ ಸುರಿಯುತ್ತಿತ್ತು. ಅಡ್ಡ ಮಲಗಿಸಿ ಮಣ್ಣು ಎಳೆದರು. ಸರ್ಕಾರದ ಪರವಾಗಿ ಮಹಾದೇವಯ್ಯ ಕೊಡೆ ಹಿಡಿದು ನಿಂತಿದ್ದ.

ನೀಲಗಂಗವ್ವ ಜಾಮೀನಿನ ಮೇಲೆ ಬಿಡುಗಡೆಯಾಗಿ ಬಂದದ್ದು ಶ್ರಾವಣದಲ್ಲಿ. ಬೀಗ ಹಾಕಿದ್ದ ಅವಳ ಮನೆಯ ಬಾಗಿಲಿಗೆ ಯಾರೋ ಸಗಣಿ ಬಡಿದಿದ್ದರು. ಆಜ್ಞೆ ಮುರಿದದ್ದನ್ನು ಊರು ಆಗಲೇ ಮರೆತಿತ್ತು; ಅಂಥ ಕೇಸುಗಳು ಎಲ್ಲರ ಮನೆಯಲ್ಲೂ ಇದ್ದವು. ಮರೆಯದೇ ಉಳಿದದ್ದು ಕಾಲಿನ ಮಾತು. ನಳದ ಹತ್ತಿರ ಅವಳು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಕೊನೆಗೆ ಹಿರಿಯರು ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಕೂತು ಅವಳನ್ನು ಕರೆಸಿದರು. ಅಯ್ಯನವರನ್ನೂ ಕರೆಸಿದರು.

ಹುಚ್ಚೀರಪ್ಪ ಸತ್ತಾಗ ಊರಲ್ಲಿರದಿದ್ದ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯನಾದ ಗೌಡರ ಮುದುಕ ಮಾತು ತೆಗೆದ. "ನಮಗೇನು ತಿಳೀತೈತ್ರಿ ಶಾಸ್ತ್ರ. ನೀವು ಹೇಳ್ರಿ ಅಯ್ಯಾರ. ಹೆಣ್ಮಗಳು ಪಾದ ಇಡಬಹುದೇನು, ಇಡಬಾರದೇನು? ಇಡಬಹುದು ಅಂದ್ರ ಇವತ್ತಿಗೆ ಬಿಟ್ಟುಬಿಡ್ತೀವಿ. ಇದು ಹರೀಲಿ."

ನೀಲಗಂಗವ್ವ ಕಂಬದ ಮಗ್ಗುಲಲ್ಲಿ ನಿಂತಿದ್ದಳು. ಅವನ ಕಡೆ ನೋಡಲಿಲ್ಲ. ಸುನಿತಾ ಕೂಸನ್ನು ಎತ್ತಿಕೊಂಡು ಗುಡಿಯ ಬಾಗಿಲಲ್ಲಿ ನಿಂತಿದ್ದಳು. ಸಂಗಪ್ಪ ಕೋಲಿನ ತುದಿಯಿಂದ ಕಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದ. ಮಹಾದೇವಯ್ಯ ಉತ್ತರ ಹುಡುಕುವವನಂತೆ ಕಟ್ಟೆಯ ಕಲ್ಲನ್ನು ನೋಡಿದ. ಹುಡುಕುವಂಥದ್ದು ಏನೂ ಇರಲಿಲ್ಲ. ಇಡಬಹುದು ಎಂದರೆ ಯಾಕೆ, ಹೇಗೆ ಎಂದು ಕೇಳುತ್ತಾರೆ. ಕೇಳುತ್ತ ಕೇಳುತ್ತ ತನ್ನವರೆಗೆ ಬರುತ್ತಾರೆ.

"ಇಡಬಾರದ್ರಿ," ಎಂದ. "ನಮ್ಮಲ್ಲಿ ಹಾಂಗ ಇಲ್ಲ."

ಕಟ್ಟೆಯ ಮಾತು ಅಲ್ಲಿಗೆ ಮುಗಿಯಿತು. ಅವಳ ಮನೆಗೆ ಯಾವ ಅಯ್ಯನೂ ಕಾಲಿಡಬಾರದು, ಬದುಕಿದ್ದಾಗಲೂ, ಸತ್ತಾಗಲೂ ಎಂದು ಹಿರಿಯರು ಹೇಳಿದರು. ನೀಲಗಂಗವ್ವ ಸೆರಗು ಸರಿಮಾಡಿಕೊಂಡು, "ಆತ್ರಿ ಅಯ್ಯಾರ," ಎಂದಳು. ಹಿರಿಯರಿಗೆ ಏನೂ ಹೇಳಲಿಲ್ಲ. ಕಟ್ಟೆ ಇಳಿಯುವಾಗ ಅವಳ ಒಡೆದ ಅಂಗಾಲು ಕಲ್ಲಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

ಮಹಾದೇವಯ್ಯ ಕೇಳಿಕೊಂಡು ಮುಂಡರಗಿಗೆ ವರ್ಗವಾದ. ಮುಂದಿನ ಚಳಿಗಾಲದಲ್ಲಿ ಅಮೃತವ್ವ ಅವನಿಗೆ ಫೋನು ಮಾಡಿದಳು. "ನೀಲಗಂಗಿ ಸತ್ತಾಳ್ರಿ ಅಯ್ಯಾರ. ಎರಡು ದಿನ ಆಗಿತ್ತಂತ, ಯಾರೂ ನೋಡಿಲ್ಲ, ನಾಯಿ ಬೊಗಳಿದ ಮ್ಯಾಲ ಗೊತ್ತಾತು. ಏನರ ಆಗ್ಲಿ, ರಕ್ತಸಂಬಂಧ ನೋಡ್ರಿ, ಮನಸ್ಸು ತಡೀಲಿಲ್ಲ. ಹಿರ್ಯಾರಿಗೆ ನೀವು ಒಂದು ಮಾತು ಹೇಳಿದ್ರ ಕೇಳ್ತಾರ. ಬರ್ತೀರೇನ್ರಿ? ಇಲ್ಲಾ ಹಂಗ ಮಣ್ಣು ಕೊಟ್ಟುಬಿಡ್ಲೇನ್ರಿ?"

ಅವನು ಕಚೇರಿಯಲ್ಲಿದ್ದ. ಎದುರಿಗೆ ಜನ ಕಾಯುತ್ತಿದ್ದರು.

"ಕೊಟ್ಟುಬಿಡ್ರಿ," ಎಂದ.

ಹುಚ್ಚೀರಪ್ಪನ ತಲೆಯ ಮೇಲೆ ಮೂಡಿದ್ದ ಪಾದ ತನ್ನದು ಎಂದು ಮಹಾದೇವಯ್ಯ ಯಾರ ಮುಂದೆಯೂ ಹೇಳಲಿಲ್ಲ.